ಸೇಬಿನ ತೋಟದಿಂದ ಶಿಮ್ಲಾದ ವಿಧಾನಸಭೆಗೆ: ವಿದ್ಯಾ ಸ್ಟೋಕ್ಸ್ ಯಾರು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಹಿಮಾಚಲ ಪ್ರದೇಶದಲ್ಲಿ ವಿದ್ಯಾ ಸ್ಟೋಕ್ಸ್ ಎಂಬ ಸೇಬು ಬೆಳೆಗಾರ್ತಿ ತೋಟಗಾರಿಕೆ ಮಂತ್ರಿ ಆಗಿದ್ದರು ಅಂತ ಓದಿದೆ. ಹೆಸರು ನೋಡಿದರೆ ಅರ್ಧ ನಮ್ಮದು, ಅರ್ಧ ಅಮೆರಿಕದ್ದು. ಇವರು ಯಾರು? ತೋಟದವರು ರಾಜಕೀಯದಲ್ಲಿ ಅಷ್ಟು ಮೇಲೆ ಹೋದದ್ದು ಹೇಗೆ? ಬೆಳೆಗಾರರೇ ಶಾಸಕರಾದರೆ ಬೆಳೆಗೆ ನಿಜಕ್ಕೂ ಲಾಭ ಇದೆಯಾ ಸರ್?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಲಾಭ ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಅದು ಯಾಕೆ ಅಂತ ತಿಳಿಯಬೇಕಾದರೆ ವಿದ್ಯಾ ಅವರ ಮಾವನಿಂದ ಶುರು ಮಾಡಬೇಕು. ಆ ಅಮೆರಿಕದ ಹೆಸರು ಬಂದದ್ದೂ ಅಲ್ಲಿಂದಲೇ.

ಮಾವನ ಹೆಸರು ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್. 1882ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನ, ಲಿಫ್ಟ್ ತಯಾರಿಸುವ ವ್ಯಾಪಾರ, ದುಡ್ಡಿಗೇನೂ ಕೊರತೆ ಇರಲಿಲ್ಲ. ಅದನ್ನೆಲ್ಲ ಬಿಟ್ಟು 1904ರಲ್ಲಿ ಕುಷ್ಠರೋಗಿಗಳ ಸೇವೆಗೆ ಅಂತ ಶಿಮ್ಲಾ ಬೆಟ್ಟಗಳ ಕಡೆಯ ಸುಬಾಥುಗೆ ಬಂದರು. ಮರುವರ್ಷ ಕಾಂಗ್ಡಾದಲ್ಲಿ ದೊಡ್ಡ ಭೂಕಂಪ ಆಯಿತು, ಅಲ್ಲೂ ಹೋಗಿ ದುಡಿದರು. ಆಮೇಲೆ ಕೋಟ್‌ಗಢದಲ್ಲಿ ನೆಲೆ ನಿಂತರು. ಶಿಮ್ಲಾದಿಂದ ನಾರ್ಕಂಡಾ ದಾಟಿ ಕೆಳಗಿಳಿದರೆ ಸಿಗುವ ಊರು ಅದು. 1912ರಲ್ಲಿ ಅದೇ ಊರಿನ ಹುಡುಗಿ ಆಗ್ನೆಸ್‌ರನ್ನು ಮದುವೆಯಾದರು. ಪಕ್ಕದ ಥಾನೇಧಾರ್‌ನಲ್ಲಿ ಜಮೀನು ತೆಗೆದುಕೊಂಡರು.

ಆ ಬೆಟ್ಟಗಳಿಗೆ ಸೇಬು ತಂದವರಲ್ಲಿ ಸ್ಟೋಕ್ಸ್ ಮೊದಲಿಗರು ಅಂತ ತುಂಬಾ ಜನ ಬರೆಯುತ್ತಾರೆ. ಅದು ಸರಿಯಲ್ಲ. ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ ಎಂಬ ಬ್ರಿಟಿಷ್ ಅಧಿಕಾರಿ 1870ರ ಸುಮಾರಿಗೇ ತೋಟ ಮಾಡಿದ್ದರು. ಶಿಮ್ಲಾ ಹತ್ತಿರದ ಮಶೋಬ್ರಾದಲ್ಲೂ ಒಂದು ತೋಟ ಇತ್ತು. ಆದರೆ ಅವೆಲ್ಲ ಇಂಗ್ಲಿಷರ ನಾಲಿಗೆಗೆ ಹಿಡಿಸುವ ಹುಳಿ ಜಾತಿಯ ಹಣ್ಣು. ನಮ್ಮ ಜನ ಅದನ್ನು ದುಡ್ಡು ಕೊಟ್ಟು ತಿನ್ನುತ್ತಿರಲಿಲ್ಲ. ಸ್ಟೋಕ್ಸ್ ಅಮೆರಿಕಕ್ಕೆ ಹೋದಾಗ ಮಿಸೌರಿಯ ಸ್ಟಾರ್ಕ್ ಬ್ರದರ್ಸ್ ನರ್ಸರಿಯ ರೆಡ್ ಡೆಲಿಷಿಯಸ್ ನೋಡಿದರು. ಸಿಹಿ ಹಣ್ಣು, ಕೆಂಪು ಬಣ್ಣ, ದೂರದ ಸಾಗಣೆ ತಡೆದುಕೊಳ್ಳುವ ಸಿಪ್ಪೆ. ಆ ಸಸಿ ತಂದು 1916ರಲ್ಲಿ ಥಾನೇಧಾರ್‌ನಲ್ಲಿ ನೆಟ್ಟರು. ಮಾರುವಷ್ಟು ಫಸಲು ಬಂದದ್ದು 1926ರಲ್ಲಿ. ನಡುವೆ ಹತ್ತು ವರ್ಷ. ಅಡಿಕೆ ಸಸಿ ನೆಟ್ಟು ಕಾದವರಿಗೆ ಅದೇನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈ ಹತ್ತು ವರ್ಷದಲ್ಲಿ ಅವರು ಸುಮ್ನೆ ಕೂತಿರಲಿಲ್ಲ. ಹಿಂದೂಸ್ತಾನ್–ಟಿಬೆಟ್ ರಸ್ತೆ ಆ ಊರುಗಳ ಮೇಲೇ ಹಾದು ಹೋಗುತ್ತಿತ್ತು. ಅಧಿಕಾರಿಗಳು, ಬೇಟೆಗೆ ಹೊರಟ ಸಾಹೇಬರು ಬಂದರೆ ಊರವರು ಹೊಲದ ಕೆಲಸ ಬಿಟ್ಟು ಅವರ ಸಾಮಾನು ಹೊರಬೇಕಿತ್ತು. ಅದಕ್ಕೆ ಬೇಗಾರ್ ಅನ್ನುತ್ತಿದ್ದರು, ಅಂದರೆ ಬಿಟ್ಟಿ ಚಾಕರಿ. ಸ್ಟೋಕ್ಸ್ ಊರವರನ್ನು ಒಟ್ಟುಗೂಡಿಸಿ 1920–21ರಲ್ಲಿ ಇದರ ವಿರುದ್ಧ ನಿಂತರು, ಸರ್ಕಾರ ಬಗ್ಗಿತು. 1920ರ ನಾಗಪುರ ಕಾಂಗ್ರೆಸ್ ಅಧಿವೇಶನಕ್ಕೂ ಹೋಗಿದ್ದರು. ಭಾರತೀಯರು ಬ್ರಿಟಿಷರ ಸೇನೆ, ನೌಕರಿ ಬಿಡಬೇಕು ಅಂತ 1921ರಲ್ಲಿ ಗಾಂಧೀಜಿ ಮತ್ತಿತರರು ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದ ಒಬ್ಬನೇ ವಿದೇಶಿ ಇವರು. ಅದೇ ವರ್ಷದ ಕೊನೆಗೆ ಬಂಧನ ಆಯಿತು, ಲಾಹೋರಿನಲ್ಲಿ ಜೈಲುವಾಸ. 1932ರಲ್ಲಿ ಹಿಂದೂ ಧರ್ಮಕ್ಕೆ ಸೇರಿ ಸತ್ಯಾನಂದ ಆದರು. 1946ರಲ್ಲಿ ತೀರಿಕೊಂಡರು, ಸ್ವಾತಂತ್ರ್ಯ ನೋಡಲಿಲ್ಲ.

ಇಷ್ಟು ಯಾಕೆ ಹೇಳಿದೆ ಅಂದರೆ, ಆ ಮನೆತನಕ್ಕೆ ಊರಿನಲ್ಲಿ ಬಂದ ಮರ್ಯಾದೆ ದೊಡ್ಡ ತೋಟ ಇದೆ ಅನ್ನೋ ಕಾರಣಕ್ಕೆ ಬಂದದ್ದಲ್ಲ. ಸ್ಟೋಕ್ಸ್ ಸಸಿಗಳನ್ನು ಅಕ್ಕಪಕ್ಕದವರಿಗೆ ಹಂಚಿದರು, ಕಸಿ ಕಟ್ಟೋದು ಕಲಿಸಿದರು. ಗೋಧಿ, ಆಲೂಗಡ್ಡೆ ಬೆಳೆಯೋ ಜಾಗದಲ್ಲಿ ಮರ ಯಾಕೆ ಅಂತ ಹಿಂಜರಿದವರೇ ಆಮೇಲೆ ಸೇಬಿನಿಂದ ಮಕ್ಕಳನ್ನು ಓದಿಸಿದರು. ಬಿಟ್ಟಿ ಚಾಕರಿ ತಪ್ಪಿಸಿದ ಮನುಷ್ಯ ಮತ್ತು ಸಸಿ ಕೊಟ್ಟ ಮನುಷ್ಯ ಇಬ್ಬರೂ ಒಬ್ಬರೇ ಆದಾಗ ಆ ಹೆಸರು ಓಟಾಗಿ ಬದಲಾಗೋಕೆ ಜಾಸ್ತಿ ಹೊತ್ತು ಬೇಡ.

ಈಗ ವಿದ್ಯಾ ಅವರ ವಿಚಾರ. 1927ರ ಡಿಸೆಂಬರ್‌ನಲ್ಲಿ ಹುಟ್ಟಿದವರು. ಸತ್ಯಾನಂದರ ಮಗ ಲಾಲ್ ಚಂದ್ ಸ್ಟೋಕ್ಸ್‌ರನ್ನು ಮದುವೆಯಾಗಿ ಈ ತೋಟದ ಮನೆಗೆ ಬಂದರು. ಲಾಲ್ ಚಂದ್ ಶಾಸಕರಾಗಿದ್ದರು. ಅವರು ತೀರಿಕೊಂಡ ಮೇಲೆ 1974ರಲ್ಲಿ ಉಪಚುನಾವಣೆ ನಡೆಯಿತು, ವಿದ್ಯಾ ಗೆದ್ದರು. ಗಂಡ ಹೋದ ಮೇಲೆ ಹೆಂಡತಿಗೆ ಟಿಕೆಟ್ ಕೊಡೋದು ನಮ್ಮ ದೇಶದಲ್ಲಿ ಹೊಸದಲ್ಲ. ಅನುಕಂಪದ ಓಟಿನಲ್ಲಿ ಒಮ್ಮೆ ಗೆದ್ದು ಮನೆಗೆ ಹೋದವರೂ ಬೇಕಾದಷ್ಟಿದ್ದಾರೆ. ಇವರು ಹಾಗೆ ಹೋಗಲಿಲ್ಲ. ಶಿಮ್ಲಾ ಜಿಲ್ಲೆಯ ಠಿಯೋಗ್, ಕುಮಾರ್‌ಸೇನ್ ಭಾಗದಿಂದ ಒಟ್ಟು ಎಂಟು ಸಲ ಶಾಸಕಿ ಆದರು. 1985ರಲ್ಲಿ ಹಿಮಾಚಲ ವಿಧಾನಸಭೆಯ ಸ್ಪೀಕರ್, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಆಮೇಲೆ ಮಂತ್ರಿ, ವಿರೋಧ ಪಕ್ಷದ ನಾಯಕಿ, ಮತ್ತೆ ಮಂತ್ರಿ. 2012ರಲ್ಲಿ ಕಾಂಗ್ರೆಸ್ ಗೆದ್ದಾಗ ಮುಖ್ಯಮಂತ್ರಿ ಸ್ಥಾನಕ್ಕೂ ಅವರ ಹೆಸರು ಓಡಾಡಿತ್ತು. ಕುರ್ಚಿ ವೀರಭದ್ರ ಸಿಂಗ್ ಪಾಲಾಯಿತು.

ಮಧ್ಯೆ ಹಾಕಿಯ ಒಂದು ಅಧ್ಯಾಯವೂ ಇದೆ. 1984ರಿಂದ ಮಹಿಳಾ ಹಾಕಿ ಫೆಡರೇಷನ್ ಅಧ್ಯಕ್ಷೆ. 2010ರಲ್ಲಿ, ವಯಸ್ಸು 80 ದಾಟಿದ ಮೇಲೆ, ಹಾಕಿ ಇಂಡಿಯಾ ಅಧ್ಯಕ್ಷ ಸ್ಥಾನಕ್ಕೆ ನಿಂತು ಒಲಿಂಪಿಕ್ ಆಟಗಾರ ಪರ್ಗಟ್ ಸಿಂಗ್ ಅವರನ್ನು 41–21 ಓಟುಗಳಿಂದ ಸೋಲಿಸಿದರು! ಆ ವಯಸ್ಸಿನಲ್ಲಿ ಆ ಹುದ್ದೆ ಬೇಕಿತ್ತಾ ಅಂತ ಆಗಲೇ ಟೀಕೆ ಬಂತು, ನನಗೂ ಅದು ಬೇಡವಾಗಿತ್ತು ಅನ್ನಿಸುತ್ತದೆ. ಆದರೆ ಸಂಘದ ಚುನಾವಣೆಯಲ್ಲಿ ಒಂದೊಂದೇ ಓಟು ಜೋಡಿಸೋ ಕಲೆ ಎಷ್ಟು ಕರಗತ ಆಗಿತ್ತು ಅನ್ನೋದು ಅದರಿಂದ ಗೊತ್ತಾಗುತ್ತದೆ.

ಇನ್ನು ತೋಟದವರಿಗೆ ರಾಜಕೀಯ ಯಾಕೆ ಅಂಟಿಕೊಳ್ಳುತ್ತದೆ ಅನ್ನೋದಕ್ಕೆ ಬರೋಣ. ಆಗಸ್ಟ್ ತಿಂಗಳಲ್ಲಿ ಠಿಯೋಗ್ ಕಡೆ ಹೋಗಿ ಒಂದು ಪ್ಯಾಕಿಂಗ್ ಶೆಡ್‌ನಲ್ಲಿ ಅರ್ಧ ದಿನ ಕೂತರೆ ಸಾಕು, ಯಾರೂ ವಿವರಿಸಬೇಕಾಗಿಲ್ಲ. ಹಣ್ಣನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ: ಎಕ್ಸ್‌ಟ್ರಾ ಲಾರ್ಜ್, ಲಾರ್ಜ್, ಮೀಡಿಯಮ್, ಸ್ಮಾಲ್, ಎಕ್ಸ್‌ಟ್ರಾ ಸ್ಮಾಲ್, ಕೊನೆಗೆ ಪಿಟ್ಟು. ಟ್ರೇ ಮೇಲೆ ಹಣ್ಣು ಜೋಡಿಸಿ, ಟ್ರೇ ಮೇಲೆ ಟ್ರೇ ಇಟ್ಟು ಕಾರ್ಟನ್ ತುಂಬುತ್ತಾರೆ. ತೋಟದಿಂದ ರಸ್ತೆಗೆ ಪೆಟ್ಟಿಗೆ ಹೊರುವವರು ಹೆಚ್ಚಾಗಿ ನೇಪಾಳದ ಕೂಲಿಗಳು. ರಸ್ತೆಗೆ ಬಂದರೆ ಪಿಕಪ್, ಆಮೇಲೆ ಲಾರಿ, ಆಮೇಲೆ ಶಿಮ್ಲಾದ ಢಲ್ಲಿ ಮಂಡಿ ಅಥವಾ ದೆಹಲಿಯ ಆಜಾದ್‌ಪುರ. ಮಳೆಗಾಲದಲ್ಲಿ ಒಂದು ಕಡೆ ಗುಡ್ಡ ಜಾರಿ ರಸ್ತೆ ಬಂದ್ ಆದರೆ ಮುಗಿಯಿತು. ಲಾರಿ ನಿಂತಲ್ಲೇ ಹಣ್ಣು ಮೆತ್ತಗಾಗುತ್ತದೆ.

ಈಗ ಲೆಕ್ಕ ಹಾಕಿ. ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಮಂಡಿ ಎಪಿಎಂಸಿಯದ್ದು. ಔಷಧಿ, ಸಸಿ ತೋಟಗಾರಿಕೆ ಇಲಾಖೆಯದ್ದು. ಹಿಂದೆ ಪೆಟ್ಟಿಗೆ ಮರದ್ದಾಗಿತ್ತು, ಆ ಮರ ಅರಣ್ಯ ಇಲಾಖೆಯದ್ದು. ಸೇಬು ಹೆಚ್ಚಿದ ಹಾಗೆ ಪೆಟ್ಟಿಗೆಗೋಸ್ಕರ ಕಾಡು ಖಾಲಿಯಾಗತೊಡಗಿತು. ಮರ ಕಡಿಯೋದು ನಿಲ್ಲಿಸಿ ರಟ್ಟಿನ ಕಾರ್ಟನ್‌ಗೆ ಬದಲಾಗಬೇಕಾಯಿತು, ಅದೂ ಸರ್ಕಾರದ ತೀರ್ಮಾನವೇ. ಮಂಡಿಯಲ್ಲಿ ಹೋಗದ ಕಳಪೆ ಹಣ್ಣನ್ನು ಬೆಂಬಲ ಬೆಲೆಗೆ ಕೊಳ್ಳೋದು 1974ರಲ್ಲಿ ಶುರುವಾದ ಎಚ್‌ಪಿಎಂಸಿ ಎಂಬ ಸರ್ಕಾರಿ ನಿಗಮ ಮತ್ತು ಹಿಮ್‌ಫೆಡ್ ಎಂಬ ಸಹಕಾರಿ ಒಕ್ಕೂಟ. ಆ ಬೆಲೆ 2022ರಲ್ಲಿ ಕಿಲೋಗೆ 10.50 ರೂಪಾಯಿ ಇತ್ತು, 2023ರಲ್ಲಿ 12 ಆಯಿತು. 1980ರ ದಶಕದ ಶುರುವಿನಲ್ಲಿ ಸ್ಕ್ಯಾಬ್ ರೋಗ ಹರಡಿದಾಗ ಕಲೆಬಿದ್ದ ಹಣ್ಣನ್ನು ಸರ್ಕಾರವೇ ಕೊಂಡು ನಾಶ ಮಾಡಿತ್ತು. ಹೀಗೆ ಮೊಗ್ಗಿನಿಂದ ಮಂಡಿವರೆಗೆ ಪ್ರತಿ ಹೆಜ್ಜೆಗೂ ಒಬ್ಬ ಅಧಿಕಾರಿಯ ಸಹಿ ಬೇಕು. ಅಂಥ ಬೆಳೆ ಬೆಳೆಯೋನು ರಾಜಕೀಯ ಮಾಡದೇ ಇರೋಕೆ ಆಗಲ್ಲ.

ಇನ್ನೊಂದು ಕಾರಣ ಜಮೀನು. ನಿಮ್ಮ ಜಿಲ್ಲೆಯಲ್ಲಿ 1951ರ ಕಾಗೋಡು ಸತ್ಯಾಗ್ರಹದಿಂದ ಗೇಣಿದಾರರ ಪ್ರಶ್ನೆ ರಾಜಕೀಯಕ್ಕೆ ಬಂತು, ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾದರು. ಹಿಮಾಚಲದಲ್ಲಿ ಮೊದಲ ಮುಖ್ಯಮಂತ್ರಿ ವೈ.ಎಸ್. ಪರಮಾರ್ 1953ರಲ್ಲೇ ದೊಡ್ಡ ಜಮೀನ್ದಾರಿ ರದ್ದು ಮಾಡುವ ಕಾನೂನು ತಂದರು. ಹಣ್ಣಿನ ಬೆಳೆಗೆ ಒತ್ತು ಕೊಟ್ಟವರೂ ಅವರೇ. ಸೋಲನ್ ಹತ್ತಿರದ ನೌಣಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಹೊರಗಿನ, ಕೃಷಿಕರಲ್ಲದವರು ಜಮೀನು ಕೊಳ್ಳದಂತೆ 1972ರ ಕಾನೂನಿನ 118ನೇ ಕಲಮು ತಡೆಯುತ್ತದೆ. ಹಾಗಾಗಿ ಸೇಬು ಕಂಪನಿಗಳ ಕೈಗೆ ಹೋಗಲಿಲ್ಲ, ಸಣ್ಣ ಹಿಡುವಳಿದಾರರ ಕೈಯಲ್ಲಿ ಉಳಿಯಿತು. ಸಣ್ಣ ಹಿಡುವಳಿದಾರ ಅಂದರೆ ಓಟುದಾರ. ಒಟ್ಟು 68 ಕ್ಷೇತ್ರದಲ್ಲಿ ಸುಮಾರು ಇಪ್ಪತ್ತರಲ್ಲಿ ಸೇಬಿನ ಓಟು ಲೆಕ್ಕಕ್ಕೆ ಬರುತ್ತದೆ ಅಂತ ಅಲ್ಲಿನ ಪಕ್ಷಗಳೇ ಎಣಿಸುತ್ತವೆ. ವಿದ್ಯಾ ಸ್ಟೋಕ್ಸ್ ದೊಡ್ಡ ಮನೆಯವರು ನಿಜ. ಆದರೆ ಅವರನ್ನು ಗೆಲ್ಲಿಸಿದ್ದು ಹತ್ತಿಪ್ಪತ್ತು ಬೀಘಾ, ಅಂದರೆ ಕೆಲವೇ ಎಕರೆ ತೋಟದವರು.

ಈ ಓಟಿನ ಬಿಸಿ ಎಷ್ಟು ಅಂತ 1990ರಲ್ಲಿ ಗೊತ್ತಾಯಿತು. ಶಾಂತಾ ಕುಮಾರ್ ಅವರ ಬಿಜೆಪಿ ಸರ್ಕಾರ ಆಗಷ್ಟೇ ಬಂದಿತ್ತು. ಬೆಂಬಲ ಬೆಲೆ ವಿಚಾರಕ್ಕೆ ಬೆಳೆಗಾರರು ಬೀದಿಗಿಳಿದರು. ಜುಲೈನಲ್ಲಿ ಕೋಟ್‌ಗಢದಲ್ಲಿ ಪೊಲೀಸರು ಗುಂಡು ಹಾರಿಸಿದರು, ಮೂವರು ಬೆಳೆಗಾರರು ಸತ್ತರು. ಮೊದಲ ರೆಡ್ ಡೆಲಿಷಿಯಸ್ ನೆಟ್ಟ ಸೀಮೆಯಲ್ಲೇ ಇದು ನಡೆದದ್ದು. 1993ರ ಚುನಾವಣೆಯಲ್ಲಿ ಬಿಜೆಪಿ 8 ಸ್ಥಾನಕ್ಕೆ ಕುಸಿಯಿತು, ಶಾಂತಾ ಕುಮಾರ್ ತಾವೇ ಸೋತರು. ಸರ್ಕಾರಿ ನೌಕರರ ಸಿಟ್ಟೂ ಅದರಲ್ಲಿ ಸೇರಿತ್ತು, ಎಲ್ಲವನ್ನೂ ಸೇಬಿನ ತಲೆಗೆ ಕಟ್ಟೋದು ಬೇಡ. ಆದರೂ ಅಲ್ಲಿಂದೀಚೆಗೆ ಯಾವ ಮುಖ್ಯಮಂತ್ರಿಯೂ ಸೇಬಿನ ಬೆಲೆಯನ್ನು ಹಗುರವಾಗಿ ತೆಗೆದುಕೊಂಡಿಲ್ಲ.

2012ರಿಂದ 2017ರವರೆಗೆ ವಿದ್ಯಾ ತೋಟಗಾರಿಕೆ ಮಂತ್ರಿ, ಜೊತೆಗೆ ನೀರಾವರಿ ಮತ್ತು ಕುಡಿಯುವ ನೀರಿನ ಖಾತೆ. ಅವರ ಕಾಲದ ದೊಡ್ಡ ಕೆಲಸ ಅಂದರೆ ವಿಶ್ವಬ್ಯಾಂಕ್ ಸಾಲದ 1,134 ಕೋಟಿ ರೂಪಾಯಿಯ ತೋಟಗಾರಿಕೆ ಯೋಜನೆ. ಅದರ ಹಿಂದಿನ ಸಮಸ್ಯೆ ನಿಮಗೆ ಅರ್ಥವಾಗುತ್ತದೆ: ತೋಟಗಳು ಮುದಿಯಾಗಿದ್ದವು. ತಾತ ನೆಟ್ಟ ಎತ್ತರದ ಮರ, ಎಕರೆಗೆ ಇಳುವರಿ ಕಮ್ಮಿ. ಜೊತೆಗೆ ಚಳಿಯೇ ಕಮ್ಮಿಯಾಗುತ್ತಿದೆ. ರೆಡ್ ಡೆಲಿಷಿಯಸ್ ಜಾತಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಸಾವಿರಕ್ಕೂ ಹೆಚ್ಚು ಗಂಟೆ ಸಿಗಬೇಕು. ಸಿಗದಿದ್ದರೆ ಹೂವು ಒಟ್ಟಿಗೆ ಬಿಡಲ್ಲ, ಕಾಯಿ ಕಟ್ಟೋದೂ ಕಷ್ಟ. ಇದಕ್ಕೆ ದಾರಿ ಅಂದರೆ ಕುಳ್ಳ ಬೇರುಕಾಂಡದ (ಕಸಿಗೆ ಬುಡವಾಗುವ ಗಿಡದ) ಮೇಲೆ ಕಸಿ ಮಾಡಿದ, ಒತ್ತೊತ್ತಾಗಿ ನೆಡುವ ಹೊಸ ಜಾತಿಯ ಗಿಡ. ಮೂರ್ನಾಲ್ಕು ವರ್ಷಕ್ಕೇ ಫಸಲು. ಯೋಜನೆಯಲ್ಲಿ ವಿದೇಶದಿಂದ ಅಂಥ ಗಿಡ ತರಿಸುವ ಕೆಲಸ ಇತ್ತು. ನನ್ನ ಪ್ರಕಾರ ದಿಕ್ಕು ಸರಿಯಿತ್ತು. ಆದರೆ ಇಂಥ ಗಿಡಕ್ಕೆ ಹನಿ ನೀರಾವರಿ, ಆಸರೆ ತಂತಿ, ಆಲಿಕಲ್ಲಿಗೆ ಬಲೆ ಎಲ್ಲ ಬೇಕು. ದುಡ್ಡಿದ್ದವನು ಮೊದಲು ಹಾಕಿಕೊಳ್ಳುತ್ತಾನೆ. ಮುದಿ ಮರ ಕಿತ್ತು ನಾಲ್ಕು ವರ್ಷ ಆದಾಯ ಇಲ್ಲದೆ ಕೂರೋ ಧೈರ್ಯ ಅರ್ಧ ಎಕರೆಯವನಿಗೆ ಎಲ್ಲಿಂದ ಬರಬೇಕು?

2017ರ ಕತೆ ಸ್ವಲ್ಪ ವಿಚಿತ್ರ. ವಿದ್ಯಾ ಅವರಿಗೆ ತೊಂಬತ್ತು ತುಂಬುತ್ತಾ ಬಂದಿತ್ತು. ಮುಖ್ಯಮಂತ್ರಿ ವೀರಭದ್ರ ಸಿಂಗ್ ಠಿಯೋಗ್‌ನಿಂದ ನಿಲ್ಲಲಿ ಅಂತ ಅವರು ಜಾಗ ಬಿಟ್ಟರು. ಆದರೆ ವೀರಭದ್ರ ಸಿಂಗ್ ಅರ್ಕಿ ಕ್ಷೇತ್ರಕ್ಕೆ ಹೋದರು. ಕೊನೇ ಗಳಿಗೆಯ ಗೊಂದಲದಲ್ಲಿ ವಿದ್ಯಾ ತಾವೇ ನಾಮಪತ್ರ ಹಾಕಿದರು, ಪರಿಶೀಲನೆಯಲ್ಲಿ ಅದು ತಿರಸ್ಕೃತ ಆಯಿತು. ಎಂಟು ಸಲ ಗೆದ್ದವರ ಚುನಾವಣಾ ರಾಜಕೀಯ ಹೀಗೆ ಕಾಗದದ ಮೇಲೆ ಮುಗಿಯಿತು. ಆ ಸಲ ಠಿಯೋಗ್ ಗೆದ್ದದ್ದು ಬಿಜೆಪಿಯೂ ಅಲ್ಲ, ಕಾಂಗ್ರೆಸ್ಸೂ ಅಲ್ಲ. ಸಿಪಿಐ(ಎಂ)ನ ರಾಕೇಶ್ ಸಿಂಘಾ. ಬೆಳೆಗಾರರಿಗೆ ಮಂಡಿ ದಲ್ಲಾಳಿಗಳು ಬಾಕಿ ಉಳಿಸಿಕೊಂಡ ದುಡ್ಡಿಗೆ, ಬೆಲೆಗೆ ಹೋರಾಟ ಮಾಡಿಕೊಂಡು ಬಂದವರು. ಐದು ವರ್ಷ ಆದಮೇಲೆ ಅವರೂ ಸೋತರು, ಕಾಂಗ್ರೆಸ್ಸಿನ ಕುಲದೀಪ್ ರಾಠೋರ್ ಗೆದ್ದರು. ಹೆಸರಿಗೆ ಓಟು ಬೀಳೋ ಕಾಲ ಹೋಗಿ ಸಮಸ್ಯೆಗೆ ಓಟು ಬೀಳೋ ಕಾಲ ಬಂದಿದೆ ಅಂತ ಕೆಲವರು ಇದನ್ನು ಓದುತ್ತಾರೆ. ನಾನು ಅಷ್ಟು ದೂರ ಹೋಗಲ್ಲ. ಪಕ್ಕದ ಜುಬ್ಬಲ್–ಕೋಟ್‌ಖಾಯಿ ನೋಡಿ. ಮಾಜಿ ತೋಟಗಾರಿಕೆ ಮಂತ್ರಿ ನರೇಂದ್ರ ಬ್ರಾಗ್ಟಾ ತೀರಿಕೊಂಡ ಮೇಲೆ 2021ರಲ್ಲಿ ಉಪಚುನಾವಣೆ. ಬಿಜೆಪಿ ಟಿಕೆಟ್ ಕೊಡದ್ದಕ್ಕೆ ಅವರ ಮಗ ಚೇತನ್ ಪಕ್ಷೇತರನಾಗಿ ನಿಂತರು, ಚಿಹ್ನೆ ಸೇಬು! ಬಿಜೆಪಿ ಠೇವಣಿ ಕಳೆದುಕೊಂಡಿತು. ಗೆದ್ದವರು ಕಾಂಗ್ರೆಸ್ಸಿನ ರೋಹಿತ್ ಠಾಕೂರ್, ಮಾಜಿ ಮುಖ್ಯಮಂತ್ರಿ ರಾಮ್ ಲಾಲ್ ಅವರ ಮೊಮ್ಮಗ. ಮನೆತನ, ಸೇಬು ಎರಡೂ ಅಲ್ಲೇ ಇವೆ.

ಹಾಗಾದರೆ ಬೆಳೆಗಾರ ಶಾಸಕರಾದರೆ ಲಾಭ ಎಲ್ಲಿ? ರಾಜ್ಯದ ಕೈಯಲ್ಲಿ ಇರೋ ಸಣ್ಣ ಸಣ್ಣ ವಿಷಯಗಳಲ್ಲಿ. ತೋಟಕ್ಕೆ ಲಿಂಕ್ ರಸ್ತೆ, ಶೀತಲ ಗೋದಾಮು, ಬಲೆಗೆ ಸಬ್ಸಿಡಿ, ಇಳಿಜಾರಿನ ಊರಿಗೆ ನೀರು. ಇವನ್ನು ತೋಟ ಕಂಡವರು ಬೇಗ ಮಾಡಿಸುತ್ತಾರೆ, ಯಾಕಂದರೆ ಹಣ್ಣು ಕೀಳೋ ತಿಂಗಳು ಯಾವುದು ಅಂತ ಅವರಿಗೆ ಯಾರೂ ಹೇಳಬೇಕಿಲ್ಲ.

ಸ್ವಂತ ಜನರನ್ನೇ ಎದುರು ಹಾಕಿಕೊಳ್ಳಬೇಕಾದಲ್ಲಿ ಅವರೂ ಹಿಂದೇಟು ಹಾಕುತ್ತಾರೆ. ಕಾರ್ಟನ್ ವಿಷಯವೇ ಉದಾಹರಣೆ. ಮೊದಲು ಟೆಲಿಸ್ಕೋಪಿಕ್ ಕಾರ್ಟನ್ ಅಂತ ಬಳಸುತ್ತಿದ್ದರು, ಮುಚ್ಚಳ ಮೇಲೆ ಎತ್ತಿದಷ್ಟೂ ಒಳಗೆ ಹಣ್ಣು ಹಿಡಿಯುತ್ತಿತ್ತು. ಮಂಡಿಯಲ್ಲಿ ಆಗ ದರ ಪೆಟ್ಟಿಗೆ ಲೆಕ್ಕದಲ್ಲಿತ್ತು. ಹಾಗಾಗಿ ಇನ್ನೊಂದು ಪದರ ಹಾಕಿ ಅಂತ ವ್ಯಾಪಾರಿ ಒತ್ತಾಯ ಮಾಡುತ್ತಿದ್ದ, ಪಕ್ಕದವನು ಹಾಕುತ್ತಿದ್ದ, ನೀವೂ ಹಾಕಬೇಕಿತ್ತು. 20–22 ಕಿಲೋ ಇರಬೇಕಾದ ಪೆಟ್ಟಿಗೆ 30 ಕಿಲೋ ದಾಟುತ್ತಿತ್ತು, ದುಡ್ಡು ಮಾತ್ರ ಒಂದೇ ಪೆಟ್ಟಿಗೆಯದ್ದು. ಅಡಿಕೆ ಮಂಡಿಯ ತೂಕದ ಜಗಳ ನೋಡಿದವರಿಗೆ ಇದು ಹೊಸದಾಗಿ ಕಾಣಲ್ಲ. ಗಾತ್ರ ಬದಲಾಗದ ಯೂನಿವರ್ಸಲ್ ಕಾರ್ಟನ್ ಬೇಕು ಅಂತ ಬೆಳೆಗಾರರು ವರ್ಷಗಟ್ಟಲೆ ಕೇಳಿದರು. ಅಷ್ಟೂ ವರ್ಷ ವಿಧಾನಸಭೆಯಲ್ಲಿ ಬೆಳೆಗಾರ ಶಾಸಕರು ಇದ್ದೇ ಇದ್ದರು. ತೂಕದ ಮೇಲೆ ಮಾರಾಟ, ಪೆಟ್ಟಿಗೆಗೆ 24 ಕಿಲೋ ಮಿತಿ ಬಂದದ್ದು 2023ರಲ್ಲಿ. ಯೂನಿವರ್ಸಲ್ ಕಾರ್ಟನ್ ಕಡ್ಡಾಯ ಆದದ್ದು 2024ರ ಹಂಗಾಮಿಗೆ. ಅದಕ್ಕೆ ಮೊದಲು, 2022ರ ಆಗಸ್ಟ್‌ನಲ್ಲಿ, ಸಾವಿರಾರು ಬೆಳೆಗಾರರು ಶಿಮ್ಲಾದ ಸಚಿವಾಲಯದ ಮುಂದೆ ಬಂದು ನಿಂತಿದ್ದರು. ಆ ಬೀದಿ ಹೋರಾಟ ಇಲ್ಲದಿದ್ದರೆ ಇನ್ನೂ ಎಷ್ಟು ವರ್ಷ ಎಳೆಯುತ್ತಿತ್ತೋ.

ರಾಜ್ಯದ ಕೈ ಮೀರಿದ ಸಂಗತಿಯಲ್ಲಂತೂ ಶಿಮ್ಲಾದ ಮಂತ್ರಿ ಪತ್ರ ಬರೆಯೋದಷ್ಟೇ. ಸೇಬಿನ ಆಮದು ಸುಂಕ ದೆಹಲಿಯ ವಿಷಯ. 2019ರಲ್ಲಿ ಅಮೆರಿಕದ ಸೇಬಿನ ಮೇಲೆ ಶೇ. 50ರ ಜೊತೆ ಇನ್ನೂ ಶೇ. 20 ಸುಂಕ ಹಾಕಿದ್ದರು. ಅದು ಸೇಬಿಗೋಸ್ಕರ ಹಾಕಿದ್ದಲ್ಲ, ಉಕ್ಕು ಮತ್ತು ಅಲ್ಯುಮಿನಿಯಂ ಮೇಲೆ ಅಮೆರಿಕ ಹಾಕಿದ ಸುಂಕಕ್ಕೆ ಏಟು. ಎರಡು ಸರ್ಕಾರಗಳು ರಾಜಿಯಾದ ಕೂಡಲೇ 2023ರಲ್ಲಿ ಆ ಶೇ. 20 ತೆಗೆದರು. ಕೋಟ್‌ಗಢದ ಬೆಳೆಗಾರನನ್ನು ಯಾರೂ ಕೇಳಲಿಲ್ಲ.

ಅಡಿಕೆಗೂ ಆಮದು ಬೆಲೆ ನಿಗದಿ ಆಗೋದು ದೆಹಲಿಯಲ್ಲೇ. ಹಾಗಾಗಿ ನಿಮ್ಮ ಕಡೆ ಬೆಳೆಗಾರರೊಬ್ಬರು ವಿಧಾನಸಭೆಗೆ ನಿಂತು ಆಮದು ನಿಲ್ಲಿಸುತ್ತೇನೆ ಅಂದರೆ, ಹೇಗೆ ಅಂತ ಅಲ್ಲೇ ಕೇಳಿ. ಮಂಡಿಯ ತೂಕ, ಕೊಳೆರೋಗದ ಪರಿಹಾರ, ತೋಟದ ರಸ್ತೆ, ಇವುಗಳ ಬಗ್ಗೆ ಏನು ಮಾಡುತ್ತೀರಿ ಅಂತಲೂ ಕೇಳಿ. ಅವು ಅವರ ಕೈಯಲ್ಲಿ ಆಗೋ ಕೆಲಸ.